ಕೋಟಿನ ನಾಲ್ಕನೇ ಗುಂಡಿ

ಎಕ್ಸ್‌ರೇ ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಡಾಕ್ಟರಮ್ಮ ಪಕ್ಕಕ್ಕೆ ಸರಿದದ್ದೇ ತಡ, ಗಂಟೆಯಕ್ಕ ಕುರ್ಚಿಯಿಂದ ಧಡಕ್ಕನೆ ಎದ್ದಳು. ಗಂಡನ ಹೊಟ್ಟೆಯ ಒಳಗನ್ನು ನೋಡಿದ ಹೆಂಡತಿ ಎದೆ ಬಡಿದುಕೊಳ್ಳಬೇಕು, ಕಣ್ಣೀರು ಹಾಕಬೇಕು. ಅದೆಲ್ಲ ಆಮೇಲೆ ಆಯಿತು. ಮೊದಲು ಅವಳ ಬಾಯಿಂದ ಬಂದದ್ದು ಬೇರೆಯೇ.

“ಅಯ್ಯೋ! ಅದು ನಮ್ಮ ಬೀರುವಿನ ಕೀ!”

ಬೀಗದ ಕೀಲಿಯೇ, ಅನುಮಾನವಿಲ್ಲ. ಪಕ್ಕೆಲುಬುಗಳ ಕೆಳಗಿನ ಬೂದು ಮಬ್ಬಿನಲ್ಲಿ ಹಲ್ಲು ಮೇಲೆ ಮಾಡಿಕೊಂಡು ಆರಾಮಾಗಿ ಮಲಗಿತ್ತು. ಸುತ್ತ ಸಣ್ಣ ಮೊಳೆಗಳ ಗುಂಪು, ಪರದೆಗೆ ಹಾಕುವ ಕೊಕ್ಕೆ, ಮುರಿದ ಸ್ಪ್ರಿಂಗಿನ ತುಂಡು, ಒಂದು ಹೇರ್‌ಪಿನ್ನು.

“ಆ ಕೀಗೋಸ್ಕರ ಬೀಗದವನನ್ನ ಕರೆಸಿ ಬೀರು ಬಾಗಿಲು ಒಡೆಸಿದ್ದೀನಿ ಡಾಕ್ಟ್ರೇ! ಅವನು ಒಡೀತಿದ್ರೆ ಇವರು ಪಕ್ಕದಲ್ಲಿ ಟಾರ್ಚು ಹಿಡ್ಕೊಂಡು ನಿಂತಿದ್ರು. ‘ಎಲ್ಲಿ ಹೋಯ್ತೋ ಏನೋ’ ಅಂತ ಬೇರೆ ಅಂದ್ರು!”

ಮಂಚದ ಮೇಲೆ ಮಲಗಿದ್ದ ಅವಳ ಗಂಡ ಮೇಸ್ತ್ರಿ ಚಾವಣಿ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ಚಾವಣಿ ನೋಡುವುದು ಅವನ ಹಳೆಯ ಅಭ್ಯಾಸ.

ಮೇಸ್ತ್ರಿಯದು ಸೋಫಾ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಆ ಕಸುಬು ನೋಡಿದವರಿಗೆ ಗೊತ್ತು, ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಕೈ ಸುತ್ತಿಗೆ ಹಿಡಿಯಬೇಕು. ಮೊಳೆ ಹಿಡಿಯಲಿಕ್ಕೆ ದೇವರು ಮೂರನೇ ಕೈ ಕೊಟ್ಟಿಲ್ಲ. ಅದಕ್ಕೇ ಮೊಳೆಗಳು ಬಾಯಿಗೆ ಹೋಗುತ್ತವೆ. ಒಂದು ಹಿಡಿ ಮೊಳೆ ಬಾಯಿಗೆ ಸುರಿದುಕೊಂಡು, ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ, ಅದರ ತಲೆ ಮುಂದೆ ಮಾಡಿ ತುಟಿಗೆ ತರಬೇಕು. ಅಯಸ್ಕಾಂತದ ಸುತ್ತಿಗೆ ತುಟಿಯಿಂದಲೇ ಅದನ್ನು ಎತ್ತಿಕೊಂಡು ಹೋಗಿ ಮರಕ್ಕೆ ಬಡಿಯುತ್ತದೆ. ಹೀಗೆ ದಿನವಿಡೀ ಬಾಯಿ ತುಂಬ ಕಬ್ಬಿಣ ಇಟ್ಟುಕೊಂಡವನು ಮಾತಾಡುವುದು ಹೇಗೆ? ಅವನಿಗೆ ಮೊಳೆ ಮೇಸ್ತ್ರಿ ಎಂದು ಹೆಸರು ಬಿತ್ತು. ಗಿರಾಕಿಗಳ ಜೊತೆಗಿನ ಚೌಕಾಸಿ, ಜಗಳ, ರಾಜಿ ಎಲ್ಲ ಹೆಂಡತಿಯ ಪಾಲಿಗೆ ಬಂತು. ಅವಳ ದನಿ ಬೀದಿಯ ಆ ತುದಿಗೂ ಕೇಳುತ್ತಿತ್ತು, ಹಾಗಾಗಿ ಅವಳು ಗಂಟೆಯಕ್ಕ ಆದಳು. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು, ಪಾಪ.

ಈ ಕಸುಬಿನಲ್ಲಿ ಒಮ್ಮೊಮ್ಮೆ ಮೊಳೆ ಗಂಟಲಿಗೆ ಇಳಿಯುವುದು ಹೊಸದೇನಲ್ಲ. ಒಂದು ಬಾಳೆಹಣ್ಣು ತಿಂದು ಸುಮ್ಮನಿರು, ತಾನಾಗಿ ಹೋಗುತ್ತೆ ಎನ್ನುವುದು ಹಳೆಯ ಮೇಸ್ತ್ರಿಗಳ ವೈದ್ಯ. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡಾಗಲೆಲ್ಲ ಗಂಟೆಯಕ್ಕ “ಮತ್ತೆ ನುಂಗಿದ್ರಾ?” ಎಂದು ನಕ್ಕು ಬಾಳೆಹಣ್ಣು ತಂದಿಟ್ಟಳು. ಬೇರೆ ಕಸುಬಿನವನಾಗಿದ್ದರೆ ಎಂದೋ ಸಿಕ್ಕಿಬೀಳುತ್ತಿದ್ದ. ಇಲ್ಲಿ ಮೊಳೆಯ ನೆಪದಲ್ಲಿ ಮನೆಯ ಅರ್ಧ ಸಾಮಾನು ಒಳಗೆ ಹೋಗುತ್ತಿದ್ದರೂ ಯಾರಿಗೂ ಹೊಳೆಯಲಿಲ್ಲ.

ಡಾಕ್ಟರಮ್ಮ ಕುಳ್ಳಗಿನ ಹೆಂಗಸು, ವಯಸ್ಸು ಚಿಕ್ಕದು, ನೋಟ ದೊಡ್ಡದು. ಅವಳು ಮಂಚದ ಅಂಚಿಗೆ ಕೂತಳು. “ಮೊಳೆ ಸರಿ, ನಿಮ್ಮ ಕೆಲಸ. ಬೀರುವಿನ ಕೀ ಯಾವ ಕೆಲಸಕ್ಕೆ ಬಂತು ಮೇಸ್ತ್ರಿಗಳೇ?”

ಮೇಸ್ತ್ರಿ ಚಾವಣಿಗೇ ಹೇಳಿದ. “ಏನಾದ್ರೂ ಬಾಯಲ್ಲಿದ್ರೆ ಸಮಾಧಾನ ಆಗುತ್ತೆ. ಬಾಯಿಗೆ ಹೋದ್ಮೇಲೆ ಒಳಗೆ ಹೋಗ್ಲೇಬೇಕು ಅನ್ಸುತ್ತೆ. ತಡೀತೀನಿ, ತಡೀತೀನಿ... ಆಗಲ್ಲ.”

ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಗಂಟೆಯಕ್ಕ ಕೇಳಿ ಎಷ್ಟೋ ಕಾಲವಾಗಿತ್ತು. ಅವಳ ದನಿ ಸಣ್ಣಗಾಯಿತು. “ನಾನು ಬೈದಾಗಲಾ?”

“ನೀನು ಬೈದಾಗ. ಬೈಯದೆ ಇದ್ದಾಗ್ಲೂ.”

“ಇದು ಕಾಯಿಲೆ ಅಮ್ಮ,” ಎಂದಳು ಡಾಕ್ಟರಮ್ಮ. “ನೀವು ಬೈದ್ರಿ ಅಂತ ಬರೋದಲ್ಲ, ಮುದ್ದು ಮಾಡಿದ್ರಿ ಅಂತ ಹೋಗೋದೂ ಅಲ್ಲ. ಮನಸ್ಸಿನ ಡಾಕ್ಟ್ರು ಒಬ್ಬರಿದ್ದಾರೆ, ಅವರೂ ಬಂದು ನೋಡ್ತಾರೆ. ಈಗ ಮೊದಲು ಹೊಟ್ಟೆ. ಒಂದು ಮೊಳೆ ಕರುಳಿನ ಗೋಡೆ ಚುಚ್ಕೊಂಡು ಆಚೆ ಬಂದಿದೆ, ಕೀವು ಕಟ್ಟಿದೆ. ಇವತ್ತೇ ಕೊಯ್ದು ತೆಗೀಬೇಕು. ಮೇಸ್ತ್ರಿಗಳೇ, ಇನ್ನೊಂದು ವಿಷಯ. ಕಬ್ಬಿಣ, ಹಿತ್ತಾಳೆ ಇದರಲ್ಲಿ ಕಾಣುತ್ತೆ. ಮರ, ಪ್ಲಾಸ್ಟಿಕ್ಕು ಕಾಣಲ್ಲ. ಅಂಥದ್ದೇನಾದ್ರೂ ನುಂಗಿದ್ರೆ ಮುಚ್ಚಿಡ್ದೆ ಹೇಳ್ಬಿಡಿ. ಒಂದು ಉಳಿದ್ರೂ ಕರುಳಿಗೆ ಅಡ್ಡ ಕೂತು ನಾನು ಹಾಕಿದ ಹೊಲಿಗೆ ಬಿಚ್ಚಿಸುತ್ತೆ.”

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ತುಟಿ ಒದ್ದೆ ಮಾಡಿಕೊಂಡ.

“ಒಂದು ಗುಂಡಿ. ಮರದ್ದು. ಇವಳ ಅಮ್ಮನ ಕೋಟಿಂದು.”

ಗಂಟೆಯಕ್ಕ ಕುರ್ಚಿಗೆ ಕುಸಿದಳು.

ಆ ಗುಂಡಿಯದು ದೊಡ್ಡ ರಾಮಾಯಣ. ಗಂಟೆಯಕ್ಕನ ಅಪ್ಪ ಮರ ಕಡೆಯುವವನು. ಹೆಂಡತಿ ಉಣ್ಣೆಯ ಕೋಟು ಹೊಲಿಸಿಕೊಂಡಾಗ ಒಂದೇ ಕಪ್ಪು ಮರದ ತುಂಡಿನಿಂದ ನಾಲ್ಕು ಗುಂಡಿ ಕಡೆದು ಕೊಟ್ಟಿದ್ದ. ಅಪ್ಪ ಹೋದ, ಅಮ್ಮ ಹೋದಳು, ಕೋಟು ಗಂಟೆಯಕ್ಕನಿಗೆ ಬಂತು. ಒಂದು ಸಲ ಅದನ್ನು ಇಸ್ತ್ರಿಗೆ ಕೊಟ್ಟಳು. ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ಸ್ವಂತ ನಾದಿನಿಗೆ. ಮೇಸ್ತ್ರಿಯ ತಂಗಿ ತಿರುವಿನಾಚೆ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಕೋಟು ಮೂರು ಗುಂಡಿಯಲ್ಲಿ ವಾಪಸ್ಸು ಬಂತು.

“ಮೂರೇ ಇದ್ದದ್ದು ಅತ್ತಿಗೆ,” ಎಂದಳು ನಾದಿನಿ.

“ನಮ್ಮಪ್ಪ ನಾಲ್ಕು ಕಡೆದಿದ್ದ. ನಾಲ್ಕನೇದು ಕಾಲು ಬಂದು ಓಡಿಹೋಯ್ತಾ?”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಗಂಟೆಯಕ್ಕ ನಡುಬೀದಿಯಲ್ಲಿ ನಿಂತು, ಬೀದಿಯ ಆ ತುದಿಗೂ ಕೇಳುವ ದನಿಯಲ್ಲಿ, “ಗುಂಡಿ ಕಳ್ಳಿ!” ಎಂದುಬಿಟ್ಟಳು. ಆಡಿದ ಮಾತು ಒಡೆದ ಮುತ್ತು. ಅವತ್ತಿನಿಂದ ಇವಳು ಅವಳ ಅಂಗಡಿಯ ಮುಂದೆ ಹಾದರೆ ಆಕಾಶ ನೋಡುತ್ತಿದ್ದಳು, ಅವಳು ಇವಳನ್ನು ಕಂಡರೆ ಇಸ್ತ್ರಿಗೆ ಉಗುಳು ಹಚ್ಚಿ ಚುಯ್ ಎನ್ನಿಸುತ್ತಿದ್ದಳು. ಇಸ್ತ್ರಿ ಮೇಜಿನ ಹೊದಿಕೆ ಸುಟ್ಟು ಹರಿದಾಗ ಮಾತ್ರ ಮೇಸ್ತ್ರಿ ಕದ್ದು ಹೋಗಿ ಹೊಸದು ಹೊದಿಸಿ ಬರುತ್ತಿದ್ದ. ಅದು ಗಂಟೆಯಕ್ಕನಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಕೂರಲು ಅವಳಿಂದಾಗಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು. ಒಳಗೆ ಗಂಡನ ಹೊಟ್ಟೆ ತೆರೆದಿದೆ, ಆ ಹೊಟ್ಟೆಯಲ್ಲಿ ಗುಂಡಿ ಇದೆ, ಆ ಗುಂಡಿಗಾಗಿ ತಾನು ನಿರಪರಾಧಿ ಹೆಂಗಸಿಗೆ ಕಳ್ಳಿ ಎಂಬ ಹಣೆಪಟ್ಟಿ ಕಟ್ಟಿದ್ದೇನೆ. ಗಂಡ ಎದ್ದು ಬರುತ್ತಾನೋ ಇಲ್ಲವೋ, ಈ ಪಾಪವನ್ನಾದರೂ ಕಳೆದುಕೊಳ್ಳಬೇಕು ಎನ್ನಿಸಿತು. ಸೆರಗು ಬಿಗಿದು ಸೀದಾ ತಿರುವಿನಾಚೆಯ ಇಸ್ತ್ರಿ ಅಂಗಡಿಗೆ ನಡೆದಳು.

ನಾದಿನಿ ಯಾರದೋ ಬಿಳಿ ಅಂಗಿಯ ಬೆನ್ನು ತಿಕ್ಕುತ್ತಿದ್ದಳು. ತಲೆ ಎತ್ತಿ ನೋಡಿದಳು, ಇಸ್ತ್ರಿ ಪೆಟ್ಟಿಗೆ ಇಳಿಸಲಿಲ್ಲ.

“ಏನು ಅತ್ತಿಗೆ, ದಾರಿ ತಪ್ಪಿತಾ?”

“ನಿಮ್ಮಣ್ಣನ ಹೊಟ್ಟೆ ಕೊಯ್ತಿದ್ದಾರೆ ಕಣೇ.”

ಇಸ್ತ್ರಿ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ನಾದಿನಿ ಬೆಚ್ಚಿ ಅದನ್ನು ಎತ್ತಿದಳು. ಬಿಳಿ ಅಂಗಿಯ ಬೆನ್ನಿನ ಮೇಲೆ ಕಂದು ಬಣ್ಣದ ದೋಣಿಯೊಂದು ಮೂಡಿತ್ತು. ಗಂಟೆಯಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು, ಮೊಳೆ, ಕೀ, ಕೀವು, ಕೊನೆಗೆ ಗುಂಡಿ. “ನುಂಗಿದ್ದು ಅವರಂತೆ. ಅವರೇ ಬಾಯಿಬಿಟ್ಟು ಹೇಳಿದ್ರು. ನಾನು ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದೆ. ತಪ್ಪಾಯ್ತಮ್ಮ, ಹೊಟ್ಟೆಗೆ ಹಾಕ್ಕೋ.”

“ಹೊಟ್ಟೆಗೆ ಹಾಕ್ಕೊಳ್ಳೋಕೆ ನಮ್ಮಣ್ಣ ಇದ್ದಾನಲ್ಲ,” ಎಂದಳು ನಾದಿನಿ. ನಗಲು ಹೋಗಿ ನಗಲಿಲ್ಲ. “ಅಣ್ಣನೇ ಹೇಳಿದ್ನಾ? ಗುಂಡಿ ನುಂಗಿದೆ ಅಂತ?”

“ಹೂಂ ಕಣೇ.”

ನಾದಿನಿ ಇಸ್ತ್ರಿ ಪೆಟ್ಟಿಗೆ ಇಳಿಸಿದಳು. ಅಂಗಡಿಯ ಬಾಗಿಲು ಎಳೆದು ಅತ್ತಿಗೆಯ ಹಿಂದೆ ಹೊರಟಳು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಅಣ್ಣನ ಚಿಂತೆ ಪಾಪ, ಎಂದುಕೊಂಡಳು ಗಂಟೆಯಕ್ಕ.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮನ ಕೈಯಲ್ಲಿ ಒಂದು ಸ್ಟೀಲಿನ ಬೋಗುಣಿ. ಹೊಟ್ಟೆಯಲ್ಲ, ಗುಜರಿ ಅಂಗಡಿ. ಗಂಟೆಯಕ್ಕ ಬಗ್ಗಿ ನೋಡಿ ಒಂದೊಂದನ್ನೂ ಗುರುತಿಸಿದಳು. “ಇದು ಸ್ನಾನದಮನೆ ಪರದೆ ಕೊಕ್ಕೆ. ಇದು ನನ್ನ ಹೇರ್‌ಪಿನ್ನು. ಇದು... ಅಯ್ಯೋ, ಗಡಿಯಾರದ ಚಿಕ್ಕ ಮುಳ್ಳು! ಅದಕ್ಕೇ ನಮ್ಮನೇಲಿ ಬರೀ ನಿಮಿಷ ಓಡ್ತಿತ್ತು, ಗಂಟೆ ಆಗ್ತಿರ್ಲಿಲ್ಲ!” ಹುಡುಕಿದಳು, ಮತ್ತೆ ಹುಡುಕಿದಳು. ಗುಂಡಿ ಮಾತ್ರ ಇರಲಿಲ್ಲ.

“ಕರುಳನ್ನೆಲ್ಲ ಬೆರಳಲ್ಲೇ ತಡಕಿ ನೋಡ್ದೆ, ಸಿಗ್ಲಿಲ್ಲ,” ಎಂದಳು ಡಾಕ್ಟರಮ್ಮ. “ಎಂದೋ ತಾನಾಗಿ ಹೋಗಿರ್ಬೇಕು. ಆದ್ರೂ ಕಾದು ನೋಡೋಣ. ಇನ್ಮೇಲೆ ಒಂದು ಸಾಸಿವೆ ಕಾಳಷ್ಟು ಕೂಡ ಒಳಗೆ ಹೋಗ್ಬಾರ್ದು ಅಮ್ಮ, ಹೊಲಿಗೆ ಹಸಿ ಇದೆ.”

ಅಷ್ಟು ಹೇಳಿದ್ದೇ ಸಾಕಾಯಿತು. ಗಂಟೆಯಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲಿಗೆ ಕೂತಳು. ಗಂಡನ ಅಂಗಿಯ ಗುಂಡಿ ಕಿತ್ತು ಲಾಡಿ ಕಟ್ಟಿದಳು. ಮಾತ್ರೆಯ ಖಾಲಿ ಹಾಳೆ, ನೀರಿನ ಬಾಟಲಿಯ ಮುಚ್ಚಳ, ಪಕ್ಕದ ಮಂಚದವನ ಚಪ್ಪಲಿಯ ಬಕಲ್ಲು, ಯಾವುದೂ ಮೇಸ್ತ್ರಿಯ ಕೈಗೆ ಎಟುಕುವ ದೂರದಲ್ಲಿ ಉಳಿಯಲಿಲ್ಲ. ನಾದಿನಿಯ ಜಡೆಯ ಪಿನ್ನುಗಳನ್ನು ತಾನೇ ಕಿತ್ತಳು. ಸಿಸ್ಟರ್ ಬಗ್ಗಿ ಜ್ವರ ನೋಡಲು ಬಂದರೆ, “ಪೆನ್ನಿನ ಕ್ಯಾಪು ಜೋಪಾನಮ್ಮ,” ಎನ್ನುತ್ತಿದ್ದಳು. ಮೇಸ್ತ್ರಿಯ ಮೂಗಿನಲ್ಲಿ ಕೊಳವೆ, ಕೈಯಲ್ಲಿ ಸೂಜಿ. ಅವನ ಕಣ್ಣು ಮಾತ್ರ ಎದುರಿನ ಬೆಂಚಿನ ಮೇಲಿತ್ತು. ಅಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕೂತು ಒಂದೇ ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಇಷ್ಟು ನೋವಿನಲ್ಲೂ ಈ ಮನುಷ್ಯನ ಮುಖ ಯಾಕೆ ಹೀಗೆ ತಣ್ಣಗಿದೆ ಎಂದು ಗಂಟೆಯಕ್ಕನಿಗೆ ಆಶ್ಚರ್ಯ.

ದಿನಾ ಬೆಳಿಗ್ಗೆ ಡಾಕ್ಟರಮ್ಮ ಬಂದವಳೇ ಮೊದಲು ಕೇಳುವುದು ಒಂದೇ ಪ್ರಶ್ನೆ. “ಗಾಳಿ ಹೋಯ್ತಾ?”

ಮೊದಲ ಸಲ ಗಂಟೆಯಕ್ಕ ಕಿಟಕಿಯ ಕಡೆ ನೋಡಿದಳು. ಡಾಕ್ಟರಮ್ಮ ನಕ್ಕಳು. “ಆ ಗಾಳಿ ಅಲ್ಲಮ್ಮ. ಹೂಸು. ಕೊಯ್ದು ಮುಟ್ಟಿದ ಮೇಲೆ ಕರುಳು ಮುನಿಸ್ಕೊಂಡು ಮಲಗಿರುತ್ತೆ. ಅದು ಎದ್ದಿದೆ ಅನ್ನೋದಕ್ಕೆ ಅದೇ ಗುರುತು.”

ಗಾಳಿ ಹೋಗಲಿಲ್ಲ. ಹೊಟ್ಟೆ ಉಬ್ಬಿತು. ಉಬ್ಬಿ ಬಿಗಿದು ತಮಟೆಯಾಯಿತು. ಮೇಸ್ತ್ರಿ ಹಸಿರು ಹಸಿರಾಗಿ ಕಕ್ಕಿದ, ಮೈ ಕಾದಿತು. ಸ್ಕ್ಯಾನು ಮಾಡಿಸಿದರೆ ಅದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿತು. ಕರುಳಿನ ಒಂದು ಮಡಿಕೆಯಲ್ಲಿ ಉರುಟಾದ ನೆರಳಿದೆ, ಅದು ಗಾಳಿಯೂ ಇರಬಹುದು, ಮರವೂ ಇರಬಹುದು.

ಡಾಕ್ಟರಮ್ಮ ಈ ಸಲ ನಗಲಿಲ್ಲ. ಮಂಚದ ಪಕ್ಕ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಬರೀ ಕರುಳಿನ ಮುನಿಸಾದ್ರೆ ಕಾಯಬಹುದು, ತಾನಾಗಿ ಸರಿಹೋಗುತ್ತೆ. ಆದ್ರೆ ಅಲ್ಲಿ ಗುಂಡಿ ಅಡ್ಡ ಕೂತಿದ್ರೆ ಕಾಯೋ ಹಾಗಿಲ್ಲ, ಕರುಳು ಒಡೀತದೆ. ಇವತ್ತು ಸಂಜೆ ಮತ್ತೆ ತೆರೀಬೇಕು.”

“ತೆರೀರಿ ಡಾಕ್ಟ್ರೇ, ಒಂದು ಸಲ ತೆರೆದಿದ್ದೀರಲ್ಲ,” ಎಂದಳು ಗಂಟೆಯಕ್ಕ.

“ನಿಮ್ಮದು ಸೋಫಾ ಅಂಗಡಿ ಅಲ್ವಾ? ಹಳೇ ರೆಕ್ಸಿನ್ನು, ನೀರಲ್ಲಿ ನೆನೆದಿದೆ. ಒಂದು ಸಲ ಹೊಲಿದ ಜಾಗದಲ್ಲೇ ಬಿಚ್ಚಿ ಮತ್ತೆ ಹೊಲಿದ್ರೆ?”

ಗಂಟೆಯಕ್ಕನಿಗೆ ಗೊತ್ತಿತ್ತು. ಅಂಥ ರೆಕ್ಸಿನ್ನು ನೂಲು ಹಿಡಿಯುವುದಿಲ್ಲ, ಸೂಜಿ ಹೋದಲ್ಲೆಲ್ಲ ಹರಿದುಕೊಂಡು ಬರುತ್ತದೆ. ಅಂಥದ್ದನ್ನು ತಂದ ಗಿರಾಕಿಗೆ ಅವಳೇ, ಇದನ್ನ ಬಿಟ್ಬಿಡಿ ಸ್ವಾಮಿ, ಹೊಸದು ತಗೊಳ್ಳಿ ಎನ್ನುತ್ತಿದ್ದಳು. ಹೊಸ ಗಂಡನನ್ನು ಎಲ್ಲಿಂದ ತರುವುದು?

“ಮೇಸ್ತ್ರಿಗಳೇ,” ಡಾಕ್ಟರಮ್ಮ ಬಗ್ಗಿದಳು. “ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಆ ಗುಂಡಿ ನಿಜವಾಗ್ಲೂ ನುಂಗಿದ್ರಾ?”

ಮೇಸ್ತ್ರಿ ಮೊದಲು ತಂಗಿಯ ಮುಖ ನೋಡಿದ. ಆಮೇಲೆ ಹೆಂಡತಿಯದು. ಆಮೇಲೆ ಇಬ್ಬರ ನಡುವೆ ಬೆಂಚಿನ ಮೇಲಿದ್ದ ಫ್ಲಾಸ್ಕು. ನಿಧಾನಕ್ಕೆ ತಲೆಯಾಡಿಸಿದ. ಹೌದು.

ನಾದಿನಿ ಬೆಂಚಿನಿಂದ ಎದ್ದಳು. ಯಾರಿಗೂ ಒಂದು ಮಾತು ಹೇಳದೆ, ಚಪ್ಪಲಿ ಪಟಪಟ ಬಡಿಯುತ್ತ ವಾರ್ಡಿನ ಬಾಗಿಲು ದಾಟಿ ಹೋಗಿಯೇಬಿಟ್ಟಳು.

ಗಂಟೆಯಕ್ಕನಿಗೆ ಮೈಯೆಲ್ಲ ಉರಿಯಿತು. ನೋಡಿದಿರಾ? ಅಣ್ಣ ಸಾವು ಬದುಕಿನ ನಡುವೆ ಇರುವಾಗ ಕಾಲಿಗೆ ಬುದ್ಧಿ ಹೇಳಿದಳಲ್ಲ! ಇಂಥವಳ ಮುಂದೆ ತಾನು ತಪ್ಪಾಯಿತು ಎಂದು ಕೈಮುಗಿದದ್ದು! ಗಂಡನ ಹಣೆ ಒರೆಸುತ್ತ ಒರೆಸುತ್ತ ನಾದಿನಿಯ ಇಡೀ ವಂಶವನ್ನು ಮನಸ್ಸಿನಲ್ಲೇ ಜಾಲಾಡಿದಳು. ಆ ವಂಶದಲ್ಲಿ ಗಂಡನೂ ಸೇರಿದ್ದಾನೆ ಎಂದು ನೆನಪಾಗಿ ಅವನನ್ನೊಬ್ಬನನ್ನು ಪಕ್ಕಕ್ಕೆ ತೆಗೆದಿಟ್ಟಳು.

ಮೇಸ್ತ್ರಿಯನ್ನು ಕರೆದೊಯ್ಯುವ ಗಾಲಿಮಂಚ ಬಂದು ನಿಂತಾಗ ನಾದಿನಿ ಏದುಸಿರು ಬಿಡುತ್ತ ಓಡಿಬಂದಳು. ಕೈಯಲ್ಲೊಂದು ತಗಡಿನ ಡಬ್ಬಿ. ಗಿರಾಕಿಗಳ ಬಟ್ಟೆಯಿಂದ ಉದುರಿದ ಗುಂಡಿಗಳನ್ನು ಹಾಕಿಡುವ ಡಬ್ಬಿ ಅದು, ಇಸ್ತ್ರಿ ಅಂಗಡಿಯಲ್ಲಿ ಎಲ್ಲರೂ ಕಂಡದ್ದೇ. ಮುಚ್ಚಳ ತೆಗೆದು, ಬೆರಳಾಡಿಸಿ, ಒಂದು ಗುಂಡಿಯನ್ನು ಎತ್ತಿ ಡಾಕ್ಟರಮ್ಮನ ಅಂಗೈಗೆ ಒತ್ತಿದಳು. ಕಪ್ಪು ಮರ. ಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ಗೆರೆ.

“ಅವನು ನುಂಗಿಲ್ಲ. ಇದೇ ಅದು. ಕೊಯ್ಬೇಡಿ.”

ಗಂಟೆಯಕ್ಕ ಗುಂಡಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಅಪ್ಪನ ಕೈಕೆಲಸಕ್ಕೆ ಸಾಕ್ಷಿ ಬೇಕೆ? “ನಮ್ಮಪ್ಪನದೇ,” ಎಂದಳು.

“ನಾನು ಕದ್ದಿಲ್ಲ ಅ‌ತ್ತಿಗೆ. ಮೇಜಿನ ಹೊದಿಕೆ ಹರಿದಿತ್ತಲ್ಲ, ಆ ಹರುಕಿನೊಳಗೆ ಬಿದ್ದು ಹೋಗಿತ್ತು, ನಂಗೂ ಗೊತ್ತಿರ್ಲಿಲ್ಲ. ಜಗಳ ಆಗಿ ಎಷ್ಟೋ ದಿನ ಆದ್ಮೇಲೆ ಅಣ್ಣ ಹೊಸ ಹೊದಿಕೆ ಹಾಕೋಕೆ ಬಂದ. ಹಳೇದನ್ನ ಕಿತ್ರೆ ನಾರಿನ ನಡುವೆ ಇದು! ಕೈಗೆ ತಗೊಂಡವನೇ ಬಾಯಿಗೆ ಹಾಕ್ಕೊಂಡ. ‘ಉಗಿ, ಉಗಿ’ ಅಂತ ಬೆನ್ನಿಗೆ ಗುದ್ದಿ ಉಗಿಸ್ದೆ.”

“ಆಗ್ಲೇ ತಂದು ಕೊಡೋಕೆ ನಿಂಗೇನಾಗಿತ್ತೇ?”

“ಕಳ್ಳಿ ಅಂತ ಬೀದಿಗೆಲ್ಲ ಸಾರಿದ್ರಿ. ಆಮೇಲೆ ಗುಂಡಿ ತಂದು ಕೊಟ್ರೆ ಏನಂತಿದ್ರಿ, ಹೇಳಿ?”

ಗಂಟೆಯಕ್ಕ ಏನನ್ನುತ್ತಿದ್ದಳು ಎಂಬುದು ಗಂಟೆಯಕ್ಕನಿಗೇ ಚೆನ್ನಾಗಿ ಗೊತ್ತಿತ್ತು. ನೋಡಿದ್ರಾ, ನಾನು ಹೇಳ್ಲಿಲ್ವಾ, ಅವಳ ಹತ್ರಾನೇ ಇತ್ತು! ಆ ಮಾತು ಈಗಲೂ ಅವಳ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಉಸಿರೂ ಎಳೆದುಕೊಂಡಾಗಿತ್ತು. ಆಗ ಅವಳ ಕಣ್ಣು ಗಂಡನ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಿದ್ದ. ಅವನ ಬಲಗೈ ಹಾಸಿಗೆಯ ಮೇಲೆ ತಡಕುತ್ತಿತ್ತು, ದಿಂಬಿನ ಕೆಳಗೆ, ಹೊದಿಕೆಯ ಅಂಚಿಗೆ, ಮಂಚದ ಸಂದಿಗೆ. ಬಾಯಿಗೆ ಹಾಕಿಕೊಳ್ಳಲು ಏನಾದರೂ, ಏನಾದರೂ ಒಂದು. ಏನೂ ಸಿಗಲಿಲ್ಲ, ಎಲ್ಲವನ್ನೂ ಇವಳೇ ತೆಗೆದಿಟ್ಟಿದ್ದಳು.

ಅಯ್ಯೋ ದೇವರೇ, ಇಷ್ಟು ವರ್ಷ ಈ ಕೈಯನ್ನು ನಾನು ನೋಡಲೇ ಇಲ್ಲವಲ್ಲ, ಎನ್ನಿಸಿತು ಅವಳಿಗೆ. ಗುಂಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಆ ಕೈಯೊಳಗೆ ತನ್ನ ಕೈ ಇಟ್ಟಳು.

“ಹಿಡ್ಕೊಳ್ಳಿ. ಇದನ್ನ ನುಂಗೋಕಾಗಲ್ಲ.”

ಅವನು ಗಟ್ಟಿಯಾಗಿ ಹಿಡಿದುಕೊಂಡ. ಬೆರಳು ನೋಯುವಷ್ಟು ಗಟ್ಟಿಯಾಗಿ.

“ಒಂದು ಗುಂಡಿಗೋಸ್ಕರ ಮತ್ತೆ ಹೊಟ್ಟೆ ಕೊಯ್ಸಿಕೊಳ್ಳೋಕೆ ಹೊರಟಿದ್ರಾ? ಏನಾದ್ರೂ ಆಗಿದ್ರೆ ನನ್ನ ಗತಿ ಏನ್ರೀ?”

“ನೀವಿಬ್ರೂ,” ಎಂದ ಮೇಸ್ತ್ರಿ, ಮೂಗಿನ ಕೊಳವೆಯ ಪಕ್ಕದಿಂದ, “ಒಂದೇ ಫ್ಲಾಸ್ಕಲ್ಲಿ ಕುಡೀತಿದ್ರಿ.”

ಆಗ ಅತ್ತಳು ಗಂಟೆಯಕ್ಕ, ಎಕ್ಸ್‌ರೇ ನೋಡಿದ ದಿನ ಅಳದೆ ಉಳಿಸಿಕೊಂಡದ್ದನ್ನೂ ಸೇರಿಸಿ. ವಾರ್ಡಿನ ಆ ತುದಿಗೂ ಕೇಳಿಸಿತು. ನಾದಿನಿಯೂ ದನಿಗೂಡಿಸಿದಳು. ಡಾಕ್ಟರಮ್ಮ ಗಾಲಿಮಂಚವನ್ನು ಹಿಂದಕ್ಕೆ ಕಳಿಸಿ, “ಗುಂಡಿ ಹೊರಗಿದೆ ಅಂದ್ಮೇಲೆ ಒಳಗಿರೋದು ಗಾಳಿ. ಕಾಯೋಣ,” ಎಂದಳು. “ಇಬ್ಬರೂ ಅತ್ತು ಮುಗಿದ್ಮೇಲೆ ಇವರನ್ನ ಎಬ್ಬಿಸಿ ನಡೆಸಿ. ನಡೆದ್ರೆ ಕರುಳು ಏಳುತ್ತೆ.”

ನಡೆಸಿದರು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಂಗಿ, ನಡುವೆ ಹೊಟ್ಟೆ ಹಿಡಿದುಕೊಂಡ ಮೇಸ್ತ್ರಿ, ಹಿಂದೆ ಗಾಲಿಯ ಮೇಲೆ ಗ್ಲೂಕೋಸಿನ ಕಂಬ. ಮೆರವಣಿಗೆ ಮೊಗಸಾಲೆಯ ಆ ತುದಿಗೆ ಹೋಗುತ್ತಿತ್ತು, ಈ ತುದಿಗೆ ಬರುತ್ತಿತ್ತು. ಪಕ್ಕದ ಮಂಚದವರೂ, “ಏನಾಯ್ತು ಮೇಸ್ತ್ರಿ, ಸುದ್ದಿ ಉಂಟಾ?” ಎಂದು ವಿಚಾರಿಸತೊಡಗಿದರು. ಡಾಕ್ಟರಮ್ಮ ಬಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ರಾತ್ರಿಯ ಹೊತ್ತಿಗೆ ಸ್ವಲ್ಪ ಮೆತ್ತಗಾಗಿದೆ ಎಂದಳು. ಗಂಟೆಯಕ್ಕ ಕಾಣದ ದೇವರಿಗೆಲ್ಲ ಹೇಳಿಕೊಂಡಳು. ಇಂಥ ವರ ಕೇಳುತ್ತಿದ್ದೇನಲ್ಲ ಎಂದು ನಾಚಿಕೆಯಾದರೂ ಕೇಳುವುದನ್ನು ಬಿಡಲಿಲ್ಲ.

ಮಾರನೇ ದಿನ ಡಾಕ್ಟರಮ್ಮ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವಳಿಗೆ ಪ್ರಶ್ನೆ ಕೇಳುವ ಕೆಲಸವೇ ಉಳಿಯಲಿಲ್ಲ. ಮೇಸ್ತ್ರಿ, ಇಷ್ಟು ವರ್ಷ ಬಾಯಿಮುಚ್ಚಿಕೊಂಡು ಬಾಳಿದ ಮನುಷ್ಯ, ಇಡೀ ವಾರ್ಡು ತಲೆ ಎತ್ತುವ ಹಾಗೆ ಉತ್ತರ ಕೊಟ್ಟ. ಸಿಸ್ಟರ್ ಚಪ್ಪಾಳೆ ತಟ್ಟಿದಳು. “ನನ್ನ ಗಂಡ!” ಎಂದಳು ಗಂಟೆಯಕ್ಕ, ಹೆಮ್ಮೆಯಿಂದ. ಬಹಿರಂಗವಾಗಿ ಅವನನ್ನು ಹೊಗಳಿದ್ದು ಅದೇ ಮೊದಲು.

ಆಮೇಲೆ ಮನಸ್ಸಿನ ಡಾಕ್ಟರು ಬಂದರು. ಮೆಲ್ಲಗೆ ಮಾತಾಡುವ ವಯಸ್ಸಾದ ಮನುಷ್ಯ. ಇದು ಒಂದು ದಿನದಲ್ಲಿ ಬಿಡುವ ಚಟವಲ್ಲ, ಬಿಟ್ಟೆ ಎಂದುಕೊಂಡ ಮೇಲೂ ಬಂದು ಬಾಗಿಲು ತಟ್ಟುತ್ತದೆ, ಆಗ ಮುಚ್ಚಿಡದೆ ಬಾಯಿಬಿಟ್ಟು ಹೇಳಬೇಕು ಎಂದರು. ಮೇಸ್ತ್ರಿ ಹಾಗೇ ಮಾಡಿದ. ಕಷ್ಟವಾದಾಗ, “ಏ, ಬರ್ತಾ ಇದೆ,” ಎನ್ನುತ್ತಿದ್ದ. ಗಂಟೆಯಕ್ಕ ಏನು ಮಾಡುತ್ತಿದ್ದರೂ ಬಿಟ್ಟು ಬಂದು ಅವನ ಕೈಗೆ ತನ್ನ ಕೈ ಕೊಡುತ್ತಿದ್ದಳು. ಮೊಳೆ ಇಟ್ಟುಕೊಳ್ಳಲು ಮುಂಗೈಗೆ ಕಟ್ಟುವ ಅಯಸ್ಕಾಂತದ ಪಟ್ಟಿ ಬರುತ್ತದಂತೆ ಎಂದು ನಾದಿನಿ ಎಲ್ಲಿಂದಲೋ ಸುದ್ದಿ ತಂದಳು. “ಹಾಗಾದ್ರೆ ಇನ್ಮೇಲೆ ಬಾಯಿ ಖಾಲಿ. ಗಿರಾಕಿಗಳ ಜೊತೆ ನೀವೇ ಜಗಳ ಆಡಿ, ನಂಗೆ ಸಾಕಾಗಿದೆ,” ಎಂದಳು ಗಂಟೆಯಕ್ಕ. ಮೇಸ್ತ್ರಿ ಗಾಬರಿಯಿಂದ ಚಾವಣಿ ನೋಡಿದ.

ಮನೆಗೆ ಹೋಗುವ ದಿನ ನಾದಿನಿ ಕೋಟು ತಂದಳು. ಹೊಸದರ ಹಾಗೆ ಇಸ್ತ್ರಿ ಮಾಡಿದ್ದಳು, ತೋಳಿನ ಮಡಿಕೆಗೆ ಬೆರಳು ತಾಗಿದರೆ ಕುಯ್ಯಬೇಕು, ಹಾಗೆ. ಗಂಟೆಯಕ್ಕ ಮಂಚದ ಅಂಚಿಗೆ ಕೂತು ಅದನ್ನು ತೊಡೆಯ ಮೇಲೆ ಹರಡಿಕೊಂಡಳು. ಸೊಂಟದಿಂದ ಗುಂಡಿ ತೆಗೆದಳು. ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ದಾರ. ಗುಂಡಿ ಹಿಡಿಯಲು ಅವಳಿಗೂ ಮೂರನೇ ಕೈ ಇರಲಿಲ್ಲ. ಅದನ್ನು ತುಟಿಗಳ ನಡುವೆ ಸಿಕ್ಕಿಸಿಕೊಂಡು ಸೂಜಿಯ ಕಣ್ಣಿಗೆ ದಾರ ಗುರಿಯಿಟ್ಟಳು.

“ಏಯ್, ಉಗಿ ಅದನ್ನ!”

ಮೇಸ್ತ್ರಿಯ ದನಿಗೆ ವಾರ್ಡೇ ತಿರುಗಿ ನೋಡಿತು. ನಾದಿನಿ ನಗು ತಡೆಯಲಾರದೆ ಬೆಂಚು ಹಿಡಿದುಕೊಂಡಳು. ಗಂಟೆಯಕ್ಕ ಬೆಪ್ಪಾಗಿ ಗುಂಡಿಯನ್ನು ಬಾಯಿಂದ ತೆಗೆದು, ಎಲ್ಲಿಡುವುದೆಂದು ತೋಚದೆ, ಎದುರಿಗೆ ಚಾಚಿದ್ದ ಅಂಗೈಗೆ ಹಾಕಿದಳು. ಹಾಕಿದ ಮೇಲೆ ಹೊಳೆಯಿತು, ಅದು ಯಾರ ಅಂಗೈ ಎಂದು.

ನಾದಿನಿಯ ನಗು ನಿಂತಿತು. ಮೇಸ್ತ್ರಿ ಗುಂಡಿಯನ್ನು ನೋಡಿದ. ಗಂಟಲು ಒಮ್ಮೆ ಏರಿ ಇಳಿಯಿತು. ಮುಷ್ಟಿ ಮುಚ್ಚಿತು.

ವಾಪಸ್ಸು ಕೊಡಿ ಎಂದು ಕಿರುಚಬೇಕೆನ್ನಿಸಿತು ಗಂಟೆಯಕ್ಕನಿಗೆ. ಕಿರುಚಲಿಲ್ಲ. ತಲೆ ಬಗ್ಗಿಸಿ ದಾರದ ತುದಿ ಹೊಸೆದಳು. ದಾರ ಪಕ್ಕಕ್ಕೆ ಹೋಯಿತು. ಇನ್ನೊಂದು ಸಲ ಹೋಯಿತು. ಕೊನೆಗೂ ಪೋಣಿಸಿ, ಗಂಟು ಹಾಕಿ, ಹಲ್ಲಿನಿಂದ ಕಡಿದು ತಲೆ ಎತ್ತಿದಳು.

ಮೇಸ್ತ್ರಿಯ ಅಂಗೈ ತೆರೆದಿತ್ತು. ಬೆವರಿನಲ್ಲಿ ಒದ್ದೆಯಾದ ಗುಂಡಿ ಅದರ ನಡುವೆ ಇತ್ತು.

“ತಗೋ,” ಎಂದ. “ಹೊಲಿ.”